ದೊಡ್ಡಮ್ಮನ ಪ್ರಶ್ನೆ ಮತ್ತು ಹೆರಾಲ್ಡ್ ಜುರ್ ಹೌಸೆನ್

ನನ್ನ ದೊಡ್ಡಮ್ಮ ತೀರಿಕೊಂಡದ್ದು 1994ರಲ್ಲಿ, ಗರ್ಭಕಂಠದ ಕ್ಯಾನ್ಸರಿನಿಂದ. ಮುಟ್ಟು ನಿಂತು ಏಳೆಂಟು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗ ಅವರು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅದು ಬಾಯಿಬಿಟ್ಟು ಹೇಳುವಂಥ ವಿಷಯವೇ ಅಲ್ಲವೆಂದು ಅವರು ನಂಬಿದ್ದರು. ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಗಡ್ಡೆ ಮೂತ್ರಕೋಶದವರೆಗೂ ಹಬ್ಬಿತ್ತು. ಏನು ಪಾಪ ಮಾಡಿದ್ದಕ್ಕೆ ತನಗೆ ಈ ಜಾಗದಲ್ಲೇ ಕಾಯಿಲೆ ಬಂತು ಎಂದು ಅವರು ನನ್ನ ಅಮ್ಮನನ್ನು ಕೇಳುತ್ತಿದ್ದುದು ಪಕ್ಕದ ಕೋಣೆಯಲ್ಲಿ ಓದುತ್ತ ಕುಳಿತಿದ್ದ ನನಗೆ ಕೇಳಿಸುತ್ತಿತ್ತು. ಆ ಪ್ರಶ್ನೆಗೆ ಉತ್ತರ ಜರ್ಮನಿಯ ಪ್ರಯೋಗಾಲಯವೊಂದರಲ್ಲಿ ಅದಾಗಲೇ ಹತ್ತು ವರ್ಷಗಳ ಹಿಂದೆ ಸಿಕ್ಕಿತ್ತು ಎಂಬುದು ನನಗೆ ತಿಳಿದದ್ದು ಕಾಲೇಜಿನಲ್ಲಿ ಜೀವವಿಜ್ಞಾನ ಓದುವಾಗ. ಉತ್ತರ ಕಂಡುಕೊಂಡವರ ಹೆಸರು ಹೆರಾಲ್ಡ್ ಜುರ್ ಹೌಸೆನ್.

ಹೌಸೆನ್ ಹುಟ್ಟಿದ್ದು 1936ರಲ್ಲಿ, ಕಲ್ಲಿದ್ದಲಿಗೆ ಹೆಸರಾದ ಗೆಲ್ಸೆನ್‌ಕಿರ್ಶೆನ್ ಎಂಬ ಊರಿನಲ್ಲಿ. ವೈದ್ಯಕೀಯ ಪದವಿ ಪಡೆದ ಮೇಲೆ ಅವರು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿ, ಎಪ್‌ಸ್ಟೀನ್-ಬಾರ್ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ ಹೆನ್ಲೆ ದಂಪತಿಯ ಪ್ರಯೋಗಾಲಯ ಸೇರಿದರು. ಅವರ ಮುಂದಿನ ಬದುಕನ್ನೆಲ್ಲ ನಡೆಸಿದ ವಿಚಾರದ ಮೂಲ ಇಲ್ಲಿದೆ. ಗಡ್ಡೆಯಲ್ಲಿ ವೈರಸ್ ಕಣಗಳು ಕಾಣಿಸದಿದ್ದ ಮಾತ್ರಕ್ಕೆ ವೈರಸ್ಸಿಗೂ ಗಡ್ಡೆಗೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ, ವೈರಸ್ಸಿನ ಜೀನ್‌ಗಳು ಜೀವಕೋಶದೊಳಗೆ ಸದ್ದಿಲ್ಲದೆ ಉಳಿದುಕೊಂಡು ಅದನ್ನು ಕೆಡಿಸುತ್ತಿರಬಹುದು ಎಂಬುದು ಆ ವಿಚಾರ. ಜರ್ಮನಿಗೆ ಮರಳಿದ ಮೇಲೆ, 1970ರಲ್ಲಿ, ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರಿನ ಕೋಶಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ಸಿನ ಡಿಎನ್‌ಎ ಇರುವುದನ್ನು ತೋರಿಸಿ ಅವರು ಇದಕ್ಕೆ ಪುರಾವೆ ಒದಗಿಸಿದರು.

ಆ ಕಾಲದಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಹರ್ಪಿಸ್ ವೈರಸ್ಸಿನ ಎರಡನೆಯ ಬಗೆಯೇ ಕಾರಣವೆಂದು ಹೆಚ್ಚಿನ ತಜ್ಞರು ನಂಬಿದ್ದರು. 1974ರಲ್ಲಿ ಫ್ಲಾರಿಡಾದ ಕೀ ಬಿಸ್ಕೇನ್‌ನಲ್ಲಿ ನಡೆದ ಸಮ್ಮೇಳನದಲ್ಲಿ, ತಾವು ಪರೀಕ್ಷಿಸಿದ ಗಡ್ಡೆಗಳಲ್ಲಿ ಹರ್ಪಿಸ್ ಡಿಎನ್‌ಎ ಸಿಗಲಿಲ್ಲವೆಂದು ಹೌಸೆನ್ ವರದಿ ಮಾಡಿದರು. ಅದಕ್ಕೆ ಸಭೆಯಲ್ಲಿ ದೊರೆತದ್ದು ಮೌನ. ಅವರ ವಿಧಾನ ಸೂಕ್ಷ್ಮವಾಗಿಲ್ಲದ ಕಾರಣ ಸಿಕ್ಕಿಲ್ಲವೆಂದು ತಿಳಿದವರೇ ಹೆಚ್ಚು. ಅವರ ಇಡೀ ವೃತ್ತಿಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಈ ಗಳಿಗೆಯೇ. ಸಿಕ್ಕಿದ್ದನ್ನು ಸಿಕ್ಕಿತೆಂದು ಹೇಳುವುದು ಸುಲಭ. ಎಲ್ಲರೂ ಇದೆ ಎನ್ನುತ್ತಿರುವಾಗ ತನಗೆ ಸಿಗಲಿಲ್ಲವೆಂದು ಹೇಳಿ, ಆ ಮಾತನ್ನು ನೆಚ್ಚಿಕೊಂಡು ಬೇರೆ ದಾರಿ ಹಿಡಿಯಲು ಬೇರೆಯದೇ ಬಗೆಯ ಪ್ರಾಮಾಣಿಕತೆ ಬೇಕು.

ಅವರು ಹಿಡಿದ ದಾರಿ ನರಹುಲಿಯದು. ಜನನಾಂಗದ ನರಹುಲಿಗಳು ಅಪರೂಪಕ್ಕೊಮ್ಮೆ ಕ್ಯಾನ್ಸರಿಗೆ ತಿರುಗಿದ ಹಳೆಯ ವರದಿಗಳನ್ನು ಅವರು ಓದಿದ್ದರು. ನರಹುಲಿಗೆ ಕಾರಣ ಪ್ಯಾಪಿಲೋಮ ವೈರಸ್. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಬಹಳ ಕಷ್ಟ, ಏಕೆಂದರೆ ಚರ್ಮದ ಕೋಶಗಳು ಬಲಿತು ಮೇಲಿನ ಪದರಕ್ಕೆ ಬಂದಾಗ ಮಾತ್ರ ಅದು ಹೊಸ ಕಣಗಳನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅವರ ತಂಡ ರೋಗಿಗಳಿಂದ ತೆಗೆದ ನರಹುಲಿಗಳನ್ನೇ ನಂಬಿ ಕೆಲಸ ಮಾಡಬೇಕಾಯಿತು. ಒಂದು ವೈರಸ್ಸಿನ ಡಿಎನ್‌ಎಗೆ ವಿಕಿರಣಶೀಲ ಗುರುತು ಹಾಕಿ ಗಡ್ಡೆಯ ಡಿಎನ್‌ಎ ಜೊತೆ ಸೇರಿಸಿದರೆ, ಅಲ್ಲಿ ತನಗೆ ಹೊಂದುವ ಸರಣಿ ಇದ್ದಾಗ ಅದು ಹೋಗಿ ಅಂಟಿಕೊಳ್ಳುತ್ತದೆ. ಅಂಗಾಲಿನ ನರಹುಲಿಯ ಡಿಎನ್‌ಎ ಹೀಗೆ ಅಂಟಿಕೊಳ್ಳಲಿಲ್ಲ. ಜನನಾಂಗದ ನರಹುಲಿಯಲ್ಲಿ ಸಿಕ್ಕ ಆರನೆಯ ಬಗೆಯೂ ಕ್ಯಾನ್ಸರಿನಲ್ಲಿ ಕಾಣಲಿಲ್ಲ. ಪ್ಯಾಪಿಲೋಮ ವೈರಸ್ ಒಂದೇ ಅಲ್ಲ, ಅದೊಂದು ದೊಡ್ಡ ಬಳಗ ಎಂಬ ಅರಿವು ಈ ಸೋಲುಗಳಿಂದಲೇ ಬಂತು. ಇಂದು ಮನುಷ್ಯರಲ್ಲಿ ಅದರ 200ಕ್ಕೂ ಹೆಚ್ಚು ಬಗೆಗಳು ಗೊತ್ತಿವೆ. ಕೊನೆಗೆ, ಪೂರ್ತಿ ಹೊಂದದಿದ್ದರೂ ನೆಂಟಸ್ತನವಿರುವ ಸರಣಿಗಳೂ ಅಂಟಿಕೊಳ್ಳುವಂತೆ ಪ್ರಯೋಗದ ಬಿಗಿಯನ್ನು ಸಡಿಲಿಸಿ ಹುಡುಕಿದಾಗ, 1983ರಲ್ಲಿ ಹದಿನಾರನೆಯ ಬಗೆಯೂ ಮರುವರ್ಷ ಹದಿನೆಂಟನೆಯ ಬಗೆಯೂ ಗರ್ಭಕಂಠದ ಗಡ್ಡೆಗಳಲ್ಲಿ ಸಿಕ್ಕವು. ಲುಟ್ಸ್ ಗಿಸ್‌ಮನ್, ಮಥಿಯಾಸ್ ಡ್ಯೂರ್ಸ್ಟ್, ಮಿಖಾಯೆಲ್ ಬೋಸ್‌ಹಾರ್ಟ್ ಮೊದಲಾದ ಕಿರಿಯರ ದುಡಿಮೆ ಇದರ ಹಿಂದಿತ್ತು. ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಶೇ 70ರಷ್ಟಕ್ಕೆ ಈ ಎರಡು ಬಗೆಗಳೇ ಕಾರಣ. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯ ಗರ್ಭಕಂಠದಿಂದ 1951ರಲ್ಲಿ, ಆಕೆಗೆ ತಿಳಿಸದೆಯೇ ತೆಗೆದು, ಮುಂದೆ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬೆಳೆಸಿದ ಹೀಲಾ ಕೋಶಗಳಲ್ಲಿಯೂ ಹದಿನೆಂಟನೆಯ ಬಗೆ ಕುಳಿತಿರುವುದು ಆಗಲೇ ಗೊತ್ತಾದದ್ದು.

ಹೌಸೆನ್ ಆಗಲೇ ಔಷಧ ಕಂಪನಿಗಳ ಬಳಿಗೆ ಹೋಗಿ ಲಸಿಕೆ ತಯಾರಿಸೋಣವೆಂದು ಕೇಳಿದರು. ಇದಕ್ಕೆ ಮಾರುಕಟ್ಟೆಯಿಲ್ಲವೆಂಬ ಉತ್ತರ ಬಂತು. ಈ ಭಾಗವನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಕಾಯಿಲೆಯಿಂದ ಸಾಯುವವರಲ್ಲಿ ಬಹುಪಾಲು ಬಡ ದೇಶಗಳ ಹೆಂಗಸರು. ಅವರ ಸಾವುಗಳು ಯಾವ ಮಾರುಕಟ್ಟೆಯ ಲೆಕ್ಕಕ್ಕೆ ಬಂದಾವು?

ಲಸಿಕೆಗೆ ದಾರಿ ಮಾಡಿದವರು ಬೇರೆಯವರು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಇಯಾನ್ ಫ್ರೇಜರ್ ಅವರೂ ಚೀನಾದಿಂದ ಬಂದಿದ್ದ ಜಿಯಾನ್ ಝೌ ಅವರೂ ವೈರಸ್ಸಿನ ಹೊರಚಿಪ್ಪಿನ ಪ್ರೋಟೀನನ್ನು ಮಾತ್ರ ತಯಾರಿಸಿದಾಗ, ಅದು ತನ್ನಷ್ಟಕ್ಕೆ ತಾನೇ ವೈರಸ್ಸಿನ ಆಕಾರದ ಗೋಳವಾಗಿ ಕೂಡಿಕೊಂಡಿತು. 1991ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಡಗ್ಲಸ್ ಲೋವಿ ಮತ್ತು ಜಾನ್ ಶಿಲ್ಲರ್ ಇದೇ ತತ್ವವನ್ನು ಇನ್ನಷ್ಟು ಗಟ್ಟಿಗೊಳಿಸಿದರು. ಝೌ 1999ರಲ್ಲಿ, ಕೇವಲ 42ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೊದಲ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2006ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಲಸಿಕೆ ಇದ್ದಿದ್ದರೆ ದೊಡ್ಡಮ್ಮ ಉಳಿಯುತ್ತಿದ್ದರೇ ಎಂದರೆ, ಇಲ್ಲ. ಸೋಂಕು ತಗಲುವ ಮೊದಲೇ ಹಾಕಿಸಿಕೊಂಡರಷ್ಟೇ ಅದು ಕಾಯುತ್ತದೆ, ಸೋಂಕಿನಿಂದ ಕ್ಯಾನ್ಸರಿಗೆ ಸಾಮಾನ್ಯವಾಗಿ ಹದಿನೈದಿಪ್ಪತ್ತು ವರ್ಷ ಹಿಡಿಯುತ್ತದೆ. ಅವರನ್ನು ಉಳಿಸಬಹುದಾಗಿದ್ದದ್ದು ತಪಾಸಣೆ. ಅದಕ್ಕಿಂತ ಮೊದಲು, ಇದು ಪಾಪದ ಫಲವಲ್ಲ, ಲೈಂಗಿಕ ಬದುಕಿರುವ ಬಹುತೇಕ ಎಲ್ಲ ಹೆಂಗಸರಿಗೂ ಗಂಡಸರಿಗೂ ಒಂದಲ್ಲ ಒಂದು ಸಲ ತಗಲುವ ವೈರಸ್, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಮಾತ್ರ ಉಳಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರು ಬಾಯಿಬಿಡುತ್ತಿದ್ದರೇನೋ. ಒಬ್ಬ ಗಂಡನೊಂದಿಗೇ ಬಾಳಿದ ಹೆಂಗಸಿಗೂ ಇದು ಬರಬಹುದು.

ದೊಡ್ಡಮ್ಮನ ಮೊಮ್ಮಗಳಿಗೆ ಈಗ ಹನ್ನೆರಡು ವರ್ಷ. ಅವಳ ತಾಯಿ, ಎಂದರೆ ನನ್ನ ಅಕ್ಕ, ಕಳೆದ ತಿಂಗಳು ಫೋನ್ ಮಾಡಿ, "ಇಷ್ಟು ಚಿಕ್ಕ ಹುಡುಗಿಗೆ ಆ ಲಸಿಕೆ ಯಾಕೆ ಬೇಕು, ಮದುವೆ ಆದಮೇಲೆ ನೋಡಿಕೊಂಡರಾಯಿತಲ್ಲ?" ಎಂದು ಕೇಳಿದಳು. ಚಿಕ್ಕವಳಾಗಿರುವಾಗಲೇ ಕೊಡಬೇಕು ಎಂದೆ. ಸೋಂಕು ಹೊಕ್ಕ ಮೇಲೆ ಕೊಟ್ಟರೆ ಅದನ್ನು ಓಡಿಸಲು ಲಸಿಕೆಗೆ ಆಗದು, ಜೊತೆಗೆ ಒಂಬತ್ತರಿಂದ ಹದಿನಾಲ್ಕರ ವಯಸ್ಸಿನ ದೇಹ ಅದಕ್ಕೆ ಹೆಚ್ಚು ಬಲವಾಗಿ ಸ್ಪಂದಿಸುತ್ತದೆ. ಒಳಗೆ ಜೀವಂತ ವೈರಸ್ ಇರುವುದಿಲ್ಲವೇ ಎಂದು ಅವಳು ಹೆದರಿದ್ದಳು. ಇರುವುದು ಬರೀ ಹೊರಚಿಪ್ಪು, ಬೀಜವಿಲ್ಲದ ಬರಿಯ ಸಿಪ್ಪೆ, ಸೋಂಕು ತರಲು ಬೇಕಾದ ಡಿಎನ್‌ಎ ಅದರಲ್ಲಿಲ್ಲ ಎಂದು ಬಿಡಿಸಿ ಹೇಳಿದ ಮೇಲೆ ಅವಳಿಗೆ ಸಮಾಧಾನವಾಯಿತು.

ಜನರ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಅದಕ್ಕೊಂದು ಹಿನ್ನೆಲೆಯಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಈ ಲಸಿಕೆಯ ಪ್ರಾಯೋಗಿಕ ಯೋಜನೆ ನಡೆದಾಗ, ಏಳು ಹುಡುಗಿಯರು ಸತ್ತ ಸುದ್ದಿ ಹಬ್ಬಿತು. ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತಾದರೂ, ಖಮ್ಮಂನಲ್ಲಿ ಅನೇಕ ಹುಡುಗಿಯರ ಒಪ್ಪಿಗೆ ಪತ್ರಗಳಿಗೆ ತಂದೆ-ತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬೆಳಕಿಗೆ ಬಂತು. ಅದು ಕ್ಷಮಿಸಲಾಗದ ತಪ್ಪು. 2010ರಲ್ಲಿ ಸರ್ಕಾರ ಎಲ್ಲ ಎಚ್‌ಪಿವಿ (ಮನುಷ್ಯರ ಪ್ಯಾಪಿಲೋಮ ವೈರಸ್) ಲಸಿಕೆ ಪ್ರಯೋಗಗಳನ್ನೂ ನಿಲ್ಲಿಸಿತು. ಅದರೊಂದಿಗೆ, ದೇಶದ ಹಲವು ಕೇಂದ್ರಗಳಲ್ಲಿ ನಡೆಯುತ್ತಿದ್ದ ಬೇರೊಂದು ಅಧ್ಯಯನವೂ ನಡುವೆಯೇ ನಿಂತು, ಎರಡು ಅಥವಾ ಮೂರು ಡೋಸ್ ಪಡೆಯಬೇಕಿದ್ದ ಸುಮಾರು 5,000 ಹುಡುಗಿಯರು ಒಂದೇ ಡೋಸಿಗೆ ಉಳಿದುಬಿಟ್ಟರು. ಸಂಶೋಧಕರು ಅವರನ್ನು ಕೈಬಿಡಲಿಲ್ಲ. ಹತ್ತು ವರ್ಷ ಗಮನಿಸಿದಾಗ, ಹದಿನಾರು ಮತ್ತು ಹದಿನೆಂಟನೆಯ ಬಗೆಗಳ ಬಿಡದ ಸೋಂಕಿನಿಂದ ಒಂದೇ ಡೋಸ್ ಕೂಡ ಶೇ 95ರಷ್ಟು ರಕ್ಷಣೆ ಕೊಟ್ಟಿರುವುದು ಕಂಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಸಾಕೆಂದು ಒಪ್ಪಲು ನೆರವಾದ ಪುರಾವೆಗಳಲ್ಲಿ ಇದೂ ಒಂದು. ಇಂದು ಜಗತ್ತಿನ ಬಡ ಹುಡುಗಿಯರಿಗೆ ಈ ಲಸಿಕೆ ಎಟಕುವಂತಾಗಿದ್ದರೆ ಅದರಲ್ಲಿ ಭಾರತದ ಆ ಹುಡುಗಿಯರ ಪಾಲಿದೆ, ಆದರೆ ಅದನ್ನು ನಾವೇ ಯಾರಿಗೂ ಹೇಳಿಕೊಂಡಿಲ್ಲ. ಇತ್ತ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಈ ಕ್ಯಾನ್ಸರಿನಿಂದ ಸತ್ತ ಮಹಿಳೆಯರು ಸುಮಾರು 80,000.

ಹೌಸೆನ್ ಹೇಳಿದ್ದೆಲ್ಲವೂ ರುಜುವಾತಾಗಿದೆ ಎಂದು ನಾನು ಹೇಳುವುದಿಲ್ಲ. ಕೊನೆಯ ವರ್ಷಗಳಲ್ಲಿ ಅವರು ದನದ ಮಾಂಸ ಮತ್ತು ಹಾಲಿನಲ್ಲಿರುವ ಕೆಲವು ಅಂಶಗಳಿಗೂ ಕರುಳು ಮತ್ತು ಸ್ತನ ಕ್ಯಾನ್ಸರಿಗೂ ನಂಟಿರಬಹುದೆಂಬ ಊಹೆಯ ಬೆನ್ನು ಹತ್ತಿದ್ದರು. ಅದನ್ನು ಹೆಚ್ಚಿನ ವಿಜ್ಞಾನಿಗಳು ಒಪ್ಪಿಲ್ಲ. ಪ್ಯಾಪಿಲೋಮ ವೈರಸ್ಸಿನ ಮಾತು ಹಾಗಲ್ಲ. ಹದಿನೇಳು ವರ್ಷ ತುಂಬುವ ಮೊದಲೇ ಲಸಿಕೆ ಪಡೆದ ಸ್ವೀಡನ್ನಿನ ಹುಡುಗಿಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಾಗಿದೆ ಎಂಬ ವರದಿ 2020ರಲ್ಲಿ ಬಂದಾಗ ಅವರಿಗೆ 84 ವರ್ಷ. 2023ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಇನ್ನೊಂದು ಮಾತು, ಹುಡುಗರಿಗೂ ಲಸಿಕೆ ಕೊಡಬೇಕೆಂಬುದು. ವೈರಸ್ಸನ್ನು ಹೊತ್ತು ತರುವವರು ಗಂಡಸರೂ ಹೌದು, ಗಂಟಲು ಮತ್ತು ಗುದದ್ವಾರದ ಕ್ಯಾನ್ಸರ್ ಅವರನ್ನೂ ಕಾಡುತ್ತದೆ. ಆಸ್ಟ್ರೇಲಿಯಾ 2013ರಿಂದಲೇ ಹುಡುಗರಿಗೂ ಕೊಡುತ್ತಿದೆ. ಇದನ್ನು ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವಳ ತಮ್ಮನಿಗೂ ಹಾಕಿಸೋಣ, ಹೇಗೂ ಅವನಿಗೆ ಒಂಬತ್ತು ತುಂಬಿತಲ್ಲ" ಎಂದಳು. ಬರುವ ಶನಿವಾರ ಮಕ್ಕಳಿಬ್ಬರನ್ನೂ ಕರೆದುಕೊಂಡು ಡಾಕ್ಟರ ಬಳಿ ಹೋಗುತ್ತಿದ್ದೇವೆ.