ಯಾರ ಮರೆವು ಲೆಕ್ಕಕ್ಕೆ ಬರುತ್ತದೆ?

ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದ ಮೇಲೆ ಇಲ್ಲಿನವರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿದೆ. ಒಂದು ಕಾಯಿಲೆ ಯಾವ ಜನಾಂಗದವರಲ್ಲಿ ಎಷ್ಟಿದೆ, ಯಾರಿಗೆ ತಡವಾಗಿ ಪತ್ತೆಯಾಗುತ್ತಿದೆ ಎಂದು ಲೆಕ್ಕ ಇಡುತ್ತಾರೆ. ಲೆಕ್ಕದಿಂದ ತಮಗೇ ಮುಜುಗರವಾದರೂ ಅದನ್ನು ಪ್ರಕಟಿಸುತ್ತಾರೆ. ವಯಸ್ಸಾದವರ ಮರೆವಿನ ಕಾಯಿಲೆ ಡಿಮೆನ್ಷಿಯಾ ಬಿಳಿಯ ಹಿರಿಯರಿಗೆ ಹೋಲಿಸಿದರೆ ಕಪ್ಪು ಜನಾಂಗದ ಹಿರಿಯರಲ್ಲಿ ಸುಮಾರು ಎರಡು ಪಟ್ಟು, ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ, ಹಿರಿಯರಲ್ಲಿ ಸುಮಾರು ಒಂದೂವರೆ ಪಟ್ಟು ಇದೆ. ಆದರೂ ಪತ್ತೆಯಾಗದೆ ಉಳಿಯುವುದು ಅವರಲ್ಲೇ ಹೆಚ್ಚು. ಇದನ್ನು ಹುಟ್ಟುಗುಣವೆಂದು ತಳ್ಳಿಹಾಕಲಾಗದು. ತಲೆಮಾರುಗಳಿಂದ ಕೈಗೆಟುಕದ ಶಾಲೆ, ಹತೋಟಿಗೆ ಬಾರದ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ, ಬಡತನ, ಆಸ್ಪತ್ರೆಯಲ್ಲಿ ತಮ್ಮ ಮಾತಿಗೆ ಬೆಲೆ ಸಿಗದ ಹಳೆಯ ಅನುಭವ, ಇವೆಲ್ಲ ಇದರ ಹಿಂದಿವೆ.

ನಮ್ಮವರೂ ಈ ಪಟ್ಟಿಯಲ್ಲಿದ್ದಾರೆ. ಹಿರಿಯರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್‌ನ ಕ್ಯಾಲಿಫೋರ್ನಿಯಾ ದಾಖಲೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾಯಿಲೆ ಆರಂಭದ ಹಂತದಲ್ಲೇ ಗೊತ್ತಾಗುವುದು ಏಷ್ಯನ್, ಕಪ್ಪು ಮತ್ತು ಹಿಸ್ಪಾನಿಕ್ ಹಿರಿಯರಲ್ಲಿ ಬಿಳಿಯರಿಗಿಂತ ಕಡಿಮೆ. ಏಷ್ಯನ್ನರಿಗೆ ಮಾಡುವ ಪರೀಕ್ಷೆಗಳೂ ಕಡಿಮೆ. ಆದರೆ ‘ಏಷ್ಯನ್’ ಎಂಬ ಒಂದೇ ಕಾಲಂನಲ್ಲಿ ಚೀನಾದಿಂದ ಬಂದ ನಿವೃತ್ತ ಪ್ರಾಧ್ಯಾಪಕರೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ತೋಪಿನಿಂದ ಬಂದ ನನ್ನ ದೊಡ್ಡಮ್ಮನೂ ಒಟ್ಟಿಗೇ ಸೇರಿಹೋಗುತ್ತಾರೆ. ಲೆಕ್ಕ ಇಡುವವರಿಗೆ ಈ ಮಾತನ್ನು ಹೇಳುತ್ತಲೇ ಇರಬೇಕು.

ದೊಡ್ಡಮ್ಮ ಮಗನ ಮನೆಯಲ್ಲಿ, ಇಲ್ಲಿಯೇ ಇದ್ದಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕನ್ನಡ, ತೆಲುಗು ಎರಡೂ ಅವರಿಗೆ ನೀರು ಕುಡಿದಷ್ಟು ಸಲೀಸು. ಮರೆವಿನ ಪರೀಕ್ಷೆಗೆಂದು ಕ್ಲಿನಿಕ್ಕಿಗೆ ಕರೆದೊಯ್ದಾಗ ಫೋನಿನಲ್ಲಿ ಸಿಕ್ಕ ದುಭಾಷಿ ಹಿಂದಿಯವರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದು ಪೆನ್ನು ಕೊಟ್ಟರು. ಹೆಬ್ಬೆಟ್ಟು ಒತ್ತುತ್ತ ಬದುಕು ಕಳೆದ ಕೈಗೆ ಆ ಪೆನ್ನನ್ನು ಹಿಡಿಯುವುದೇ ತಿಳಿಯಲಿಲ್ಲ. ಇದು ಯಾವ ತಿಂಗಳು ಎಂಬ ಪ್ರಶ್ನೆಗೆ ಮಾತ್ರ ಥಟ್ಟನೆ ‘ಆಷಾಢ’ ಎಂದರು. ಸರಿಯಾಗಿಯೇ ಹೇಳಿದ್ದರು. ಅದಕ್ಕೆ ಅಂಕ ಸಿಗಲಿಲ್ಲ. ಕೊನೆಗೆ ವೈದ್ಯರು, ಭಾಷೆ ಬೇರೆ, ಓದಿಲ್ಲ, ಈ ಅಂಕವನ್ನು ನಂಬಲಾಗದು ಎಂದು ಹೇಳಿ ಮನೆಗೆ ಕಳಿಸಿದರು. ಅಂಕವನ್ನು ನಂಬದಿದ್ದುದು ಸರಿ. ಬೇರೆ ದಾರಿಯಲ್ಲಿ ಪರೀಕ್ಷಿಸದೆ ಕೈಬಿಟ್ಟದ್ದು ಅನ್ಯಾಯ.

ಏಕೆಂದರೆ ಕಾಯಿಲೆಯ ಗುರುತು ಮನೆಯಲ್ಲಿ ಎದ್ದು ಕಾಣುತ್ತಿತ್ತು. ಆರು ದಶಕ ಮುದ್ದೆ ತಿರುವಿದ ದೊಡ್ಡಮ್ಮ ಒಂದು ಬೆಳಿಗ್ಗೆ ಎಸರು ಕುದಿಯುವ ಮೊದಲೇ ಹಿಟ್ಟೆಲ್ಲ ಸುರಿದು, ಮುಂದೇನು ಮಾಡಬೇಕೆಂದು ತಿಳಿಯದೆ ಮುದ್ದೆ ಕೋಲು ಹಿಡಿದು ಒಲೆಯ ಮುಂದೆ ನಿಂತುಬಿಟ್ಟಿದ್ದರು. ಅದನ್ನು ಕಂಡ ಅತ್ತಿಗೆಯನ್ನು ಯಾರೂ ಕೇಳಲಿಲ್ಲ. ಮುಂದೆ ಇನ್ನೊಂದು ಕಡೆಯ ನರ್ಸ್ ಅತ್ತಿಗೆಯನ್ನೇ ಕೂರಿಸಿಕೊಂಡು, ಹತ್ತು ವರ್ಷದ ಹಿಂದೆ ಇವರು ಮಾಡುತ್ತಿದ್ದ ಯಾವ ಕೆಲಸ ಈಗ ಕೈಹತ್ತುತ್ತಿಲ್ಲ ಎಂದು ಕೇಳಿದ ಮೇಲೆ ವಿಷಯ ತಿಳಿಯಾಯಿತು. ಅಷ್ಟರಲ್ಲಿ ಕಾಯಿಲೆ ನಡುವಿನ ಹಂತಕ್ಕೆ ಬಂದಿತ್ತು. ಡಿಮೆನ್ಷಿಯಾದ ಒಂದು ಬಗೆಯಾದ ಆಲ್ಝೈಮರ್‌ಗೆ ಕೊಡುವ, 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕನೆಮ್ಯಾಬ್‌ನಂಥ ಔಷಧಿ ಆರಂಭದ ಹಂತದವರಿಗೆ ಮಾತ್ರ. ತಡವಾಗಿ ಬಂದವರಿಗೆ ಆ ಬಾಗಿಲು ಮುಚ್ಚಿರುತ್ತದೆ.

ಓದು ಬರಹ ಬಾರದವರನ್ನು ಪರೀಕ್ಷಿಸುವ ವಿದ್ಯೆ ನಮ್ಮ ದೇಶದಲ್ಲಿ ಎಂದೋ ಬೆಳೆದಿದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ 1990ರ ದಶಕದಲ್ಲಿ ರೂಪಿಸಿದ ಹಿಂದಿ ಪರೀಕ್ಷೆಯಲ್ಲಿ, ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದೆ. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಸರ್ಕಾರ ಆರಂಭಿಸಿದ ಬ್ರೈನ್ ಹೆಲ್ತ್ ಕಾರ್ಯಕ್ರಮ ಪ್ರಯೋಗಕ್ಕೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇವೆ. ಇದು ನನಗೆ ದೊಡ್ಡ ಹೆಮ್ಮೆ. ಅಮೆರಿಕದ ಕ್ಲಿನಿಕ್ಕುಗಳು ವಲಸೆ ಬಂದ ಹಿರಿಯರಿಗಾಗಿ ಕಲಿಯಬೇಕಾದ ಪಾಠ ಇಂಥ ಕಡೆ ಇದೆ.

ಊರಿನಲ್ಲಿ ಕೊರತೆ ಬೇರೆ. ಅರವತ್ತಕ್ಕೆ ಅರಳುಮರಳು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಗಂಡಸು ಪಹಣಿಯ ವಿಷಯದಲ್ಲೋ ಮಂಡಿಯ ವ್ಯಾಪಾರದಲ್ಲೋ ತಪ್ಪಿದರೆ ಹಣ ಹೋಗುತ್ತದೆ, ಮಕ್ಕಳು ಕೋಲಾರಕ್ಕೆ ಕರೆದೊಯ್ಯುತ್ತಾರೆ. ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಸೊಸೆ ಸೌಟು ಕಸಿದುಕೊಳ್ಳುತ್ತಾಳೆ, ಅಷ್ಟೇ. ನಾನು ಕಂಡ ಮನೆಗಳಲ್ಲಿ ಹೀಗೇ ಆಗಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನಂತೆ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ. ಹೆಂಗಸರಲ್ಲಿ, ಹಳ್ಳಿಗಳಲ್ಲಿ ಇನ್ನೂ ಹೆಚ್ಚು. ಹಾಗಾದರೆ ವೈದ್ಯರ ಮುಂದಿನ ಸಾಲಿನಲ್ಲಿ ಹಳ್ಳಿಯ ಅಜ್ಜಿಯರೇ ಹೆಚ್ಚಿರಬೇಕಲ್ಲವೇ? ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದ ಬಂದ ಮರೆವಾದರೆ ಔಷಧಿಯಿಂದ ಸುಧಾರಿಸಬಹುದು. ಅರಳುಮರಳು ಎಂದು ಬಿಟ್ಟ ಮನೆಗಳಲ್ಲಿ ಅಂಥವರೂ ಇರುತ್ತಾರೆ.

ನನ್ನ ಬೇಡಿಕೆ ಇಷ್ಟೇ. ಜಿಲ್ಲಾ ಆಸ್ಪತ್ರೆಗೆ ಮರೆವೆಂದು ಬಂದವರಲ್ಲಿ ಹೆಂಗಸರು ಎಷ್ಟು, ಓದದವರು ಎಷ್ಟು, ಯಾವ ಹೋಬಳಿಯವರು, ಮನೆಯವರು ಮೊದಲು ಗಮನಿಸಿ ಎಷ್ಟು ತಿಂಗಳಾಯಿತು, ಯಾವ ಭಾಷೆಯಲ್ಲಿ ಪರೀಕ್ಷೆ ನಡೆಯಿತು ಎಂದು ಬರೆದಿಟ್ಟು ವರ್ಷಕ್ಕೊಮ್ಮೆ ಪ್ರಕಟಿಸಲಿ. ಕೋಲಾರದಲ್ಲಿ ತೆಲುಗು ಮನೆಮಾತಿನವರೂ ಕೆಜಿಎಫ್‌ನ ತಮಿಳರೂ ಉರ್ದು ಮಾತನಾಡುವವರೂ ಇದ್ದಾರೆ, ಕೊನೆಯ ಕಾಲಂ ಮರೆಯಬಾರದು. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಸೊಸೆಯನ್ನು, ಮಗಳನ್ನು ಆ ನರ್ಸ್ ಕೇಳಿದ ಪ್ರಶ್ನೆಯನ್ನೇ ಕೇಳಲಿ. ಆ ಕೆಲಸಕ್ಕೆ ಅವರಿಗೆ ಸಲ್ಲಬೇಕಾದ ಗೌರವಧನವನ್ನೂ ಸರ್ಕಾರ ಕೊಡಲಿ.