ಹೋಗುವಾಗ ಅಮಾಸೆ, ಬರುವಾಗ ಏಪ್ರಿಲ್ ಒಂದು

2025ರ ಯುಗಾದಿ ನೆನಪಿದೆಯಾ? ಭಾನುವಾರ ಹಬ್ಬ, ಸೋಮವಾರ ರಂಜಾನ್ ರಜೆ, ಶನಿವಾರ ನಮಗೆ ಹೇಗೂ ಆಫೀಸಿಲ್ಲ. ಶನಿವಾರ ಬೆಳಿಗ್ಗೆ ತಿಂಡಿ ತಿಂದು ಆರಾಮಾಗಿ ಹೊರಡೋಣ ಅಂತ ನಾನೂ ನನ್ನ ಹೆಂಡತಿಯೂ ಅಂದುಕೊಂಡಿದ್ದೆವು. ಅಷ್ಟರಲ್ಲಿ ಹಾವೇರಿಯಿಂದ ಅಮ್ಮನ ಫೋನ್. 'ಶನಿವಾರ ಅಮಾಸಿ ಐತಿ, ಅವತ್ತು ಗಾಡಿ ಹೊರಗ ತಗೀಬ್ಯಾಡ್ರಿ. ಶುಕ್ರವಾರನ ಬಿಡ್ರಿ.'

ಕರ್ನಾಟಕದ ಎಲ್ಲ ಅಮ್ಮಂದಿರೂ ಇದನ್ನೇ ಹೇಳಿದ್ದಾರೆ ಅಂತ ಗೊತ್ತಾಗಿದ್ದು ಶುಕ್ರವಾರ ಸಂಜೆ, ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ. ಆರಕ್ಕೆ ಮನೆ ಬಿಟ್ಟವರು ಒಂಬತ್ತಕ್ಕೂ ಅಲ್ಲೇ ಇದ್ದೆವು. ಊರು ಬಿಡೋದಕ್ಕೇ ಒಂದು ಊರಿನಷ್ಟು ದಾರಿ.

ಆಮೇಲೆ ಟೋಲ್. ಹೆದ್ದಾರಿ ಪ್ರಾಧಿಕಾರ 2021ರ ಮೇ ತಿಂಗಳಲ್ಲಿ ಒಂದು ಸೂಚನೆ ಹೊರಡಿಸಿತ್ತು. ಎಷ್ಟೇ ಗದ್ದಲ ಇರಲಿ, ಟೋಲ್‌ನಲ್ಲಿ ಒಂದು ಗಾಡಿಗೆ 10 ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು. ಸಾಲು 100 ಮೀಟರ್ ದಾಟಿದರೆ ದುಡ್ಡು ತಗೊಳ್ಳದೆ ಗಾಡಿ ಬಿಡಬೇಕು. ಎಲ್ಲರಿಗೂ ತಿಳಿಯಲಿ ಅಂತ ಆ 100 ಮೀಟರಿಗೆ ಒಂದು ಹಳದಿ ಗೆರೆ ಎಳೆಯಬೇಕು ಅಂತಿತ್ತು. 2024ರಲ್ಲಿ ಆ ಸೂಚನೆಯನ್ನು ವಾಪಸ್ ತಗೊಂಡರು, ನನ್ನ ಹೆಂಡತಿಗೆ ಮಾತ್ರ ಇನ್ನೂ ಬಾಯಿಪಾಠ. 'ರೀ, ಇಳಿದು ಹಳದಿ ಗೆರೆ ಎಲ್ಲಿದೆ ನೋಡಿ' ಅಂದಳು. ಇಳಿದೆ. ಗೆರೆ ಕಾಣಬೇಕಾದರೆ ಅದರ ಮೇಲೆ ಗಾಡಿ ಇರಬಾರದು, ಗಾಡಿ ಇಲ್ಲದಿದ್ದರೆ ಗೆರೆ ಯಾಕೆ ಬೇಕು? ಮೊಬೈಲ್ ಟಾರ್ಚ್ ಹಾಕಿಕೊಂಡು ಯಾರದೋ ಕಾರಿನ ಕೆಳಗೆ ಬಗ್ಗಿ ನೋಡುತ್ತಿದ್ದೆ. ಹಿಂದಿನ ಟೆಂಪೋ ಟ್ರಾವೆಲರ್ ಡ್ರೈವರ್ ಇಳಿದು ಬಂದ. 'ಏನ್ ಸರ್, ಕೀ ಬಿತ್ತಾ?' ಗೆರೆ ಹುಡುಕ್ತಾ ಇದೀನಿ ಅಂದೆ. ಪಾಪ, ಏನೂ ಕೇಳದೆ ಅವನೂ ಎರಡು ನಿಮಿಷ ಹುಡುಕಿದ.

ಸಾಲಿನಲ್ಲಿ ನಿಂತಾಗ ಓದಲಿ ಅಂತಲೇ ಏನೋ, ಟೋಲ್ ಪಕ್ಕ ದೊಡ್ಡ ಬೋರ್ಡ್ ಇರುತ್ತದೆ. ಯಾರ್ಯಾರು ದುಡ್ಡು ಕಟ್ಟಬೇಕಾಗಿಲ್ಲ ಅನ್ನೋ ಪಟ್ಟಿ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯ ನ್ಯಾಯಮೂರ್ತಿ ಹೀಗೆ ಇಳಿದುಕೊಂಡು ಬಂದು ಕೊನೆಯ ಹೊತ್ತಿಗೆ ಶವ ಸಾಗಿಸುವ ಗಾಡಿ. ಪೂರ್ತಿ ಓದಿ ನೋಡಿದೆವು. ಇಡೀ ಪಟ್ಟಿಯಲ್ಲಿ ನಮ್ಮ ಯೋಗ್ಯತೆಗೆ ಎಟುಕುವುದು ಅದೊಂದೇ.

ಇನ್ನೊಂದು ರಿಯಾಯಿತಿಯೂ ಇದೆ. 24 ಗಂಟೆಯೊಳಗೆ ವಾಪಸ್ ಬಂದರೆ ಹೋಗಿ ಬರೋದಕ್ಕೆ ಸೇರಿ ಒಂದೂವರೆ ಪಟ್ಟು ಕೊಟ್ಟರೆ ಸಾಕು. ಅಂದರೆ ಅಮ್ಮನ ಮುಖ ನೋಡಿ, ಕಾಲಿಗೆ ಬಿದ್ದು, ಎದ್ದವರೇ ಹೋಳಿಗೆ ಕೈಯಲ್ಲಿ ಹಿಡಿದು ಓಡಿ ಬಂದರೆ ಲಾಭ. ಎರಡು ದಿನ ಇದ್ದು ಬಂದರೆ ಪೂರ್ತಿ ರೇಟು, ಪ್ರೀತಿಗೆ ದಂಡ.

ಅಂತೂ ನಮ್ಮ ಸರದಿ ಬಂತು. ಕೈಯಲ್ಲಿ ಸ್ಕ್ಯಾನರ್ ಹಿಡಿದ ಹುಡುಗ ಬಂದು 'ಸ್ವಲ್ಪ ಹಿಂದೆ ತಗೊಳ್ಳಿ ಸರ್' ಅಂದ. ಹಿಂದೆ ತಗೊಂಡೆ. 'ಸ್ವಲ್ಪ ಮುಂದೆ.' ಮುಂದೆ. ಫಾಸ್ಟ್ಯಾಗ್ ಒರೆಸಿದ, ಉಜ್ಜಿದ, ನೈವೇದ್ಯಕ್ಕೆ ತೋರಿಸುವ ಹಾಗೆ ಸ್ಕ್ಯಾನರನ್ನು ಮೂರು ಸಲ ಸುತ್ತಿಸಿದ. ಕುಯ್ಯ್ ಅಂತು. ದುಡ್ಡು ಹೋಯಿತು. ಗೇಟು ಮೇಲೆದ್ದಿತು.

ಶಿರಾ ಹತ್ತಿರ ಬಂದಾಗ ಮತ್ತೆ ಫೋನ್. 'ಎಲ್ಲಿ ಅದೀರಿ? ಹನ್ನೆರಡು ಹೊಡೀತಲ್ಲೋ, ಅಮಾಸಿ ಬಂತು!' ಯಾವುದನ್ನು ತಪ್ಪಿಸಲು ಇಡೀ ಬೆಂಗಳೂರು ಒಂದೇ ರಾತ್ರಿ ಹೊರಟಿತೋ, ಅದು ಅರ್ಧ ದಾರಿಯಲ್ಲೇ ಸಿಕ್ಕಿಹಾಕಿಕೊಂಡಿತ್ತು. ಒಂದು ಢಾಬಾದಲ್ಲಿ ನಿಂಬೆಹಣ್ಣು ಕೇಳಿ ತಗೊಂಡು ಟೈರ್ ಕೆಳಗಿಟ್ಟು ಹತ್ತಿಸಿದೆವು. ಅಮಾಸೆ ಎಷ್ಟೋ ವಾಸಿ, ಒಂದು ನಿಂಬೆಹಣ್ಣಿಗೆ ಒಪ್ಪಿಕೊಂಡು ದಾರಿ ಬಿಡುತ್ತದೆ.

ಊರಲ್ಲಿ ಎರಡು ದಿನ ಚೆನ್ನಾಗಿತ್ತು. ಅಂಗಳದ ತುಂಬ ಹೊಂಗೆ ಹೂವು ಚುರುಮುರಿ ಚೆಲ್ಲಿದ ಹಾಗೆ ಉದುರಿತ್ತು. ಗುಡಿಯಲ್ಲಿ ಪೂಜಾರಿ ಪಂಚಾಂಗ ಓದಿದರು. ವಿಶ್ವಾವಸು ಸಂವತ್ಸರ, ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು. ನನ್ನ ರಾಶಿಗೆ ಆಯವೇ ಜಾಸ್ತಿ ಬಂತು. ಅಮ್ಮನಿಗೆ ಖುಷಿ.

ಸೋಮವಾರ ಸಂಜೆ ಹೋಳಿಗೆ ಡಬ್ಬಿ ತುಂಬಿಕೊಂಡು ಹೊರಟೆವು. ಚಿತ್ರದುರ್ಗ ದಾಟುವವರೆಗೆ ಎಲ್ಲ ಸರಿ. ಬೆಂಗಳೂರು ಹತ್ತಿರವಾದ ಹಾಗೆ ಮತ್ತೆ ಅದೇ ಸಾಲು, ಅವೇ ಗಾಡಿಗಳು, ನನ್ನ ಜೊತೆ ಗೆರೆ ಹುಡುಕಿದ ಡ್ರೈವರ್ ಕೂಡ ಇದ್ದನೋ ಏನೋ. ಕೊನೆಯ ಟೋಲ್ ಕಂಡಾಗ ಗಂಟೆ 11.50. ಮುಂದೆ ಸುಮಾರು 30 ಗಾಡಿ. ಹೆಂಡತಿ ಲೆಕ್ಕ ಹಾಕಿದಳು, ತಲಾ 10 ಸೆಕೆಂಡ್ ಅಂದರೂ ಐದು ನಿಮಿಷ.

ಲೆಕ್ಕ ಯಾಕೆ ಅಂತೀರಾ? ಅವತ್ತು ಮಾರ್ಚ್ 31. ಟೋಲ್ ದರ ಪ್ರತಿ ವರ್ಷ ಏರೋದು ಏಪ್ರಿಲ್ ಒಂದಕ್ಕೆ. ನಮಗೆ ಚೈತ್ರ ಪಾಡ್ಯ ಇದ್ದ ಹಾಗೆ ಸರ್ಕಾರಗಳಿಗೂ ಒಂದು ಯುಗಾದಿ ಇದೆ, ಅದಕ್ಕೂ ಪಂಚಾಂಗ ಇದೆ. ಸಾಲಿನಲ್ಲಿ ಕೂತು ಅವಳು ಮೊಬೈಲಿನಲ್ಲಿ ಅದನ್ನೇ ಓದುತ್ತಿದ್ದಳು. ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ಕರೆಂಟು ಯೂನಿಟ್ಟಿಗೆ 36 ಪೈಸೆ. ಟೋಲ್ ಬೇರೆ. ಡೀಸೆಲ್ ತೆರಿಗೆ 18.44ರಿಂದ 21.17 ಪರ್ಸೆಂಟ್ ಆಗೋದು ಆಗ ನಮಗಿನ್ನೂ ಗೊತ್ತಿರಲಿಲ್ಲ, ಅದು ಬೆಳಗಾದ ಮೇಲಿನ ಫಲ. ಈ ಪಂಚಾಂಗದಲ್ಲಿ ಹನ್ನೆರಡು ರಾಶಿಗೂ ಬರೀ ವ್ಯಯ.

ನಾವು ಗೇಟ್ ಮುಟ್ಟಿದ್ದು 12.07ಕ್ಕೆ. ಮೆಸೇಜ್ ಬಂತು. ಹೋಗುವಾಗ ಕಟ್ಟಿದ್ದಕ್ಕಿಂತ ಐದು ರೂಪಾಯಿ ಜಾಸ್ತಿ. ಐದು ರೂಪಾಯಿ ಹೋಗಲಿ ಬಿಡಿ. 11.50ಕ್ಕೆ ಸಾಲಿನಲ್ಲಿ ನಿಲ್ಲಿಸಿಕೊಂಡವರು ಅವರೇ, ತಡವಾಗಿ ಬಂದಿದ್ದಕ್ಕೆ ಹೊಸ ರೇಟು ಹಾಕಿದವರೂ ಅವರೇ.

ನನ್ನ ಹೆಂಡತಿ ಮಂಡ್ಯದವಳು. ಯುಗಾದಿ ಮರುದಿನ, ಅಂದರೆ ಹೊಸತೊಡಕಿನ ದಿನ, ಏನು ಮಾಡುತ್ತೇವೋ ವರ್ಷಪೂರ್ತಿ ಅದೇ ಮಾಡುತ್ತೇವೆ ಅಂತ ಅವರ ಕಡೆ ಬಲವಾದ ನಂಬಿಕೆ. ಗೇಟ್ ದಾಟಿ ಸ್ವಲ್ಪ ದೂರ ಬಂದ ಮೇಲೆ ಸುಮ್ನೆ ಕೇಳಿದಳು, 'ರೀ, ಇವತ್ತು ನಾವು ಏನು ಮಾಡಿದ್ವಿ?'

'ಸ್ವಲ್ಪ ಹಿಂದೆ ತಗೊಂಡ್ವಿ' ಅಂದೆ.