ಕೊನೆಗೆ ಮಳೆ ಯಾಕೆ?

ನನ್ನ ಮೊದಲ ಕಥಾಸಂಕಲನದ 311 ಪ್ರತಿಗಳು ಮಂಗಳೂರು ಕಾವೂರಿನ ನಮ್ಮ ಮನೆಯ ಮಂಚದಡಿಯಲ್ಲಿವೆ. ಲೆಕ್ಕ ಸರಿಯಾಗಿಯೇ ಇದೆ, ಹೋದ ಆಟಿಯಲ್ಲಿ, ಅಂದರೆ ತುಳುವರ ಜೋರು ಮಳೆಯ ತಿಂಗಳಲ್ಲಿ, ಕೂತು ಎಣಿಸಿದ್ದೇನೆ. ಗೋಡೆಗೆ ತಾಗಿಕೊಂಡಿದ್ದ ಪುಸ್ತಕದ ಕಟ್ಟಿನ ಮೇಲೆ ಬೂಷ್ಟು ಹಿಡಿದಿತ್ತು. ಅಮ್ಮ ಒಂದೊಂದನ್ನೇ ಒಣಬಟ್ಟೆಯಲ್ಲಿ ಒರೆಸಿ, "ಇದನ್ನು ಯಾರಿಗಾದರೂ ಕೊಟ್ಟುಬಿಡಬಾರದಾ?" ಎಂದರು. ಕೊಡಬಹುದಾದವರಿಗೆಲ್ಲ ಕೊಟ್ಟಾಗಿದೆ ಅಮ್ಮಾ. ಕೆಲವರಿಗೆ ಮರೆತು ಎರಡು ಸಲ ಕೊಟ್ಟಿದ್ದೇನೆ.

ಇದೆಲ್ಲ ಈಗ ನೆನಪಾಗಲು ಕಾರಣ ಉಂಟು. ಮೊನ್ನೆ ಒಬ್ಬಳು ಹುಡುಗಿ ಇನ್‌ಬಾಕ್ಸಿಗೆ ಬಂದಳು. "ಅಕ್ಕಾ, ನನ್ನ ಹತ್ರ ಹತ್ತು ಕಥೆ ಇದೆ. ಮಂಗಳೂರಲ್ಲಿ ಯಾರು ಪುಸ್ತಕ ಮಾಡಿಕೊಡ್ತಾರೆ? ಎಷ್ಟಾಗುತ್ತೆ?"

ಕೇಳಿದ್ದರಲ್ಲಿ ಏನೂ ತಪ್ಪಿಲ್ಲ. ಎಂಟು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಆದರೆ ಆ 'ಮಾಡಿಕೊಡ್ತಾರೆ' ಎಂಬ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರಿನ ಹಾಗೆ ಎರಡು ದಿನ ಕಾಡಿತು. ಅಡುಗೆಮನೆಗೆ ಕಪಾಟು ಮಾಡಿಸುತ್ತೇವೆ, ಮದುವೆಗೆ ಕಾಗದ ಮಾಡಿಸುತ್ತೇವೆ. ಪುಸ್ತಕವನ್ನೂ ಹಾಗೇ ಮಾಡಿಸುತ್ತೇವೆ. ಅಳತೆ ಹೇಳು, ದುಡ್ಡು ಕೊಡು, ಹದಿನೈದು ದಿನದಲ್ಲಿ ತಗೊಂಡು ಹೋಗು.

ನನ್ನದು ಹಾಗೇ ಆಯಿತು. 144 ಪುಟ, 500 ಪ್ರತಿ, 38,000 ರೂಪಾಯಿ. ಮಾಡಿಕೊಟ್ಟವರ ಹೆಸರು ಹೇಳುವುದಿಲ್ಲ, ಹೇಳಿ ಈಗ ಲಾಭವೂ ಇಲ್ಲ. ಸೋಮವಾರ ಫೈಲ್ ಕಳಿಸಿದೆ. ಗುರುವಾರ ಪುಟವಿನ್ಯಾಸ ಮುಗಿದು ಬಂತು. "ಚೆನ್ನಾಗಿದೆ ಮೇಡಂ, ಬೆನ್ನಪುಟಕ್ಕೆ ಫೋಟೋ ಕಳಿಸಿ" ಅಂದರು. ಆ 'ಚೆನ್ನಾಗಿದೆ' ಕೇಳಿ ಒಂದು ವಾರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಮೂರು ದಿನದಲ್ಲಿ ಒಂಬತ್ತು ಕಥೆ ಓದಿ ಮೆಚ್ಚಿದರಲ್ಲ ಎಂದು! ಪುಸ್ತಕ ಕೈಗೆ ಬಂದ ಮೇಲೆ ನೋಡಿದರೆ 61ನೇ ಪುಟದ ಒಂದು ಪ್ಯಾರಾ 62ರಲ್ಲೂ ಇತ್ತು. ನಾನು ಟೈಪ್ ಮಾಡಿದ್ದು ಈಗಿನ ಯೂನಿಕೋಡ್ ಅಕ್ಷರದಲ್ಲಿ, ಪುಟ ಕಟ್ಟುವ ಅವರ ಪೇಜ್‌ಮೇಕರ್ ಸಾಫ್ಟ್‌ವೇರಿಗೆ ಬೇಕಾದದ್ದು ಹಳೆಯ ನುಡಿ ಫಾಂಟು. ಬದಲಾಯಿಸುವಾಗ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂತು, ನನ್ನ ಪದ್ಮಕ್ಕ ಎರಡು ಕಥೆಗಳಲ್ಲಿ ಪದ್ದಮಕ್ಕ ಆಗಿದ್ದಳು. ಯಾರೂ ನೋಡಿರಲಿಲ್ಲ. ಕರಡು ನೋಡುವ ತಾಳ್ಮೆ ನನಗೂ ಇರಲಿಲ್ಲ, ಬಿಡುಗಡೆಯ ದಿನಾಂಕ ಮೊದಲೇ ನಿಗದಿಯಾಗಿತ್ತಲ್ಲ.

ಮುನ್ನುಡಿಯ ಕಥೆ ಬೇರೆ. ದೊಡ್ಡವರೊಬ್ಬರ ಮನೆಗೆ ಮೂರು ಸಲ ಹೋಗಿ ಬರೆಸಿದ್ದೆ. "ಗ್ರಾಮೀಣ ಬದುಕಿನ ಸೊಗಡು ಪುಟಪುಟದಲ್ಲೂ ಹರಡಿದೆ" ಎಂದು ಬರೆದಿದ್ದರು. ನನ್ನ ಒಂಬತ್ತು ಕಥೆಗಳಲ್ಲಿ ಎಂಟು ನಡೆಯುವುದು ಮಂಗಳೂರು ಪೇಟೆಯ ಹಂಪನಕಟ್ಟೆ ಮತ್ತು ಲಾಲ್‌ಬಾಗ್ ನಡುವೆ, ಫ್ಲ್ಯಾಟುಗಳಲ್ಲಿ.

ಬಿಡುಗಡೆಯ ದಿನ 47 ಪ್ರತಿ ಹೋಯಿತು. ಗೋಳಿಬಜೆ ಅದಕ್ಕಿಂತ ಜಾಸ್ತಿ ಹೋಯಿತು.

ಸ್ವಂತ ದುಡ್ಡು ಹಾಕುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಪ್ರಕಟಣಾಲಯ ನಡೆಸಿ ತಮ್ಮ ಪುಸ್ತಕ ತಾವೇ ತಂದವರು. ಸ್ವಂತ ಪ್ರಕಟಣೆಯ ಮಾತು ಬಂದಾಗೆಲ್ಲ ನಮ್ಮ ಕಡೆ ಈ ಉದಾಹರಣೆ ಬರುತ್ತದೆ, ಬರಲಿ. ದುಡ್ಡು ಹೋದದ್ದು ನನಗೆ ಬೇಜಾರಲ್ಲ. ಒಬ್ಬ ಮನುಷ್ಯನೂ ಓದದೆ ನನ್ನ ಪುಸ್ತಕ ಅಚ್ಚಾಯಿತು, ಅದು ಬೇಜಾರು.

ಎರಡನೆಯ ಸಲ ಬೇರೆ ದಾರಿ ಹಿಡಿದೆ. ಉಡುಪಿಯಲ್ಲಿ ಒಬ್ಬರೇ ನಡೆಸುವ ಒಂದು ಪ್ರಕಾಶನ ಉಂಟು. ಇದರ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆಗೆ ಆ ಪಾಪದವರ ವಾಟ್ಸಾಪಿನಲ್ಲಿ ನೂರು ಪಿಡಿಎಫ್ ಬಿದ್ದಿರುತ್ತದೆ. ವರ್ಷಕ್ಕೆ ಮೂರೋ ನಾಲ್ಕೋ ಪುಸ್ತಕ ತರುತ್ತಾರೆ. ಕಚೇರಿ ಅಂದರೆ ಮನೆಯ ಮುಂದಿನ ಚಾವಡಿ, ಒಂದು ಮೇಜು, ಕಾಲು ಹಾಕಲು ಜಾಗವಿಲ್ಲದಷ್ಟು ಕಟ್ಟುಗಳು. ಕೇಳಿದ್ದಕ್ಕೆ, "ಕಾಗದದಲ್ಲಿ ತನ್ನಿ, ಮೊಬೈಲಿನಲ್ಲಿ ನನಗೆ ಕಥೆ ಕಾಣುವುದಿಲ್ಲ" ಅಂದರು. ಒಂದೇ ಬದಿಗೆ ಪ್ರಿಂಟ್ ಹಾಕಿಸಿ, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ನಾನೇ ಹೋಗಿ ಕೊಟ್ಟೆ. ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, "ಆರು ತಿಂಗಳು ಕೇಳಬೇಡಿ" ಅಂದರು. ಮುನ್ನುಡಿ ಯಾರದ್ದು ಎಂದು ಕೇಳಲಿಲ್ಲ. ಮೊದಲ ಪುಸ್ತಕಕ್ಕೆ ಬಂದ ಬಹುಮಾನದ ಬಗ್ಗೆ ನಾನೇ ಮಾತು ತೆಗೆದೆ, ಅವರು ಬೆಕ್ಕನ್ನು ಕುರ್ಚಿಯಿಂದ ಇಳಿಸುವುದರಲ್ಲಿದ್ದರು.

ಆರು ತಿಂಗಳಲ್ಲಿ ನಾನು ಎರಡು ಸಲ ಕೇಳಿದೆ. ತಡೆಯಲಿಕ್ಕೆ ಆಗಲಿಲ್ಲ. ಎರಡು ಸಲವೂ "ಓದುತ್ತಾ ಇದ್ದೇನೆ" ಎಂದಷ್ಟೇ ಉತ್ತರ. ಎಂಟನೇ ತಿಂಗಳು ಕಟ್ಟು ಪೋಸ್ಟಿನಲ್ಲಿ ವಾಪಸ್ ಬಂತು.

ಬಿಚ್ಚಿದರೆ ತುಂಬ ಪೆನ್ಸಿಲ್.

ಮೂರನೇ ಕಥೆಯ ಕೊನೆಯ ಪುಟದಲ್ಲಿ, ನಾನು ಬಹಳ ಮುತುವರ್ಜಿಯಿಂದ ಬರೆದ ಪ್ಯಾರಾದ ಪಕ್ಕ, ಸಣ್ಣ ಅಕ್ಷರದಲ್ಲಿ: "ಕೊನೆಗೆ ಮಳೆ ಯಾಕೆ?" ಐದನೇ ಕಥೆಯ ಕೊನೆಯಲ್ಲಿ: "ಪುನಃ ಮಳೆ." ಏಳನೇ ಕಥೆಗೆ ಬರುವಾಗ ಅವರಿಗೂ ಸಾಕಾಗಿರಬೇಕು, ಅಕ್ಷರವೇ ಇಲ್ಲ, ಬದಿಯಲ್ಲಿ ಒಂದು ಪುಟ್ಟ ಕೊಡೆಯ ಚಿತ್ರ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ದಿನ ಆ ಕಟ್ಟನ್ನು ಮುಟ್ಟಲಿಲ್ಲ. ಮೂರನೇ ದಿನ ಕೂತು ಎಣಿಸಿದೆ. ಒಂಬತ್ತು ಕಥೆ, ಐದರ ಕೊನೆಗೆ ಮಳೆ. ಗಂಡ ಬಿಟ್ಟುಹೋದರೆ ಮಳೆ, ಮಗ ವಾಪಸ್ ಬಂದರೆ ಮಳೆ, ಅಜ್ಜಿ ಸತ್ತರೆ ಮಳೆ. ಘಟ್ಟದ ಮೇಲಿನವರಿಗೆ ಮಳೆ ಬಂದರೆ ಏನೋ ಒಂದು ಆಗಬಹುದು. ನಮಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಬಟ್ಟೆ ಒಣಗದ ವಿಷಯ, ಅಷ್ಟೇ. ಇಷ್ಟು ವರ್ಷ ಕರಾವಳಿಯಲ್ಲಿದ್ದು ಕಥೆಯಲ್ಲಿ ಮಾತ್ರ ನಾನು ಮಳೆಯನ್ನು ಪ್ರವಾಸಿಗರ ಹಾಗೆ ನೋಡಿದ್ದೆ ಎಂದು ಆ ಕೊಡೆ ನೋಡಿದ ಮೇಲೆ ಗೊತ್ತಾಯಿತು.

ಇನ್ನೊಂದು ಗುರುತು ಹೇಳಿಬಿಡುತ್ತೇನೆ. ಬಂಟ್ವಾಳದ ಒಬ್ಬಳು ಮುದುಕಿ ನನ್ನ ಕಥೆಯಲ್ಲಿ, "ಏನು ಮಾಡುವುದು ಮಗೂ, ಎಲ್ಲಾ ವಿಧಿಯಾಟ" ಎನ್ನುತ್ತಾಳೆ. ಬದಿಯಲ್ಲಿ: "ಈ ಹೆಂಗಸು ಬೆಂಗಳೂರಿಗೆ ಯಾವಾಗ ಹೋದದ್ದು?" ಮೊದಲ ಕರಡಿನಲ್ಲಿ ಅವಳು "ಎಂತ ಮಾಡುದು ಮಾರಾಯ್ತಿ" ಅಂದಿದ್ದಳು, ದೇವರಾಣೆ. ಯಾರೂ ಹೇಳದೆ ನಾನೇ ಬದಲಾಯಿಸಿದ್ದೆ, ದೂರದವರಿಗೆ ಅರ್ಥವಾಗಲಿ ಎಂದು. 'ಬಚ್ಚಿರೆ' ಎಂಬ ತುಳು ಪದಕ್ಕೆ ಅಡಿಟಿಪ್ಪಣಿಯನ್ನೂ ಹಾಕಿದ್ದೆ. ಅದಕ್ಕೆ ಅಡ್ಡಗೆರೆ ಎಳೆದು ಬರೆದಿದ್ದರು: "ಬೇಡ. ಮುಂದಿನ ವಾಕ್ಯದಲ್ಲಿ ಅವಳು ಅದನ್ನೇ ಜಗಿಯುತ್ತಿದ್ದಾಳಲ್ಲ."

ಊರಿನ ಪ್ರಕಾಶನಕ್ಕೇ ಕೊಡಬೇಕು ಎಂದು ನಾನು ಜಗಳ ಮಾಡುವುದು ಇದಕ್ಕೆ. ಅಭಿಮಾನಕ್ಕಲ್ಲ. ಆ ಮುದುಕಿ ಸುಳ್ಳು ಮಾತಾಡುತ್ತಿದ್ದಾಳೆ ಎಂದು ಹಿಡಿಯಬೇಕಾದರೆ ಹಿಡಿಯುವವರ ಕಿವಿ ನೇತ್ರಾವತಿಯ ನೀರು ಕುಡಿದಿರಬೇಕು. ದೂರದ ದೊಡ್ಡ ಪ್ರಕಾಶನದವರು ಈ ಮಾತನ್ನು ಹಾಗೇ ಬಿಡುತ್ತಿದ್ದರೇನೋ. ವ್ಯಾಕರಣ ಸರಿ ಇತ್ತಲ್ಲ.

ಉಡುಪಿಯಿಂದ ಹೋದ ಇನ್ನೊಂದು ಹಸ್ತಪ್ರತಿ ಇಲ್ಲಿ ನೆನಪಾಗುತ್ತದೆ. ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನೇ ಬರೆದದ್ದನ್ನು ಯಾರದೋ ಹಳೆಯ ಕಾವ್ಯ ಎಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿದರು. ಅಲ್ಲಿನವರು ಓದಿದರು, ಅಚ್ಚು ಹಾಕಿದರು. 1901ರಲ್ಲಿ, 31ನೇ ವಯಸ್ಸಿಗೆ, ಕ್ಷಯದಿಂದ ಅವರು ತೀರಿಕೊಂಡರು. ಮುದ್ದಣ ಕವಿ ಎಂದರೆ ಇವರೇ ಎಂದು ನಾಡಿಗೆಲ್ಲ ಗೊತ್ತಾದದ್ದು ಆಮೇಲೆ. ಹೆಸರು ಮುಚ್ಚಿಟ್ಟದ್ದು ಸಂಕೋಚಕ್ಕೋ, ಹೊಸಬನದ್ದೆಂದರೆ ಓದುವುದಿಲ್ಲ ಎಂಬ ಹೆದರಿಕೆಗೋ, ಅವರವರ ಊಹೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಮೈಸೂರಿನ ಆ ಮೇಜಿನ ಮೇಲೆ ಇದ್ದದ್ದು ಬರಹ ಮಾತ್ರ. ಫೋಟೋ ಇಲ್ಲ, ಪರಿಚಯ ಇಲ್ಲ, ಯಾರದ್ದೋ ಶಿಫಾರಸು ಫೋನ್ ಇಲ್ಲ. ಮುದ್ದಣನ ಹೆಸರಿನಲ್ಲೇ ಕಾರ್ಕಳ ತಾಲೂಕಿನ ಕಾಂತಾವರ ಕನ್ನಡ ಸಂಘದವರು ಕೊಡುವ ಕಾವ್ಯ ಪ್ರಶಸ್ತಿಯೂ ಹಸ್ತಪ್ರತಿಗೇ ಸಿಗುವಂಥದ್ದು. ಕವಿತೆ ಬರೆಯುವವರು ಇದನ್ನು ಗಮನಿಸಿ.

ಇನ್ನು ದುಡ್ಡಿನ ಮಾತು, ಬೇಗ ಮುಗಿಸುತ್ತೇನೆ. ಸಣ್ಣ ಪ್ರಕಾಶಕರು ಈಗ ಡಿಜಿಟಲ್ ಪ್ರಿಂಟಿನಲ್ಲಿ ಇನ್ನೂರೋ ಮುನ್ನೂರೋ ಪ್ರತಿ ತೆಗೆಯುತ್ತಾರೆ. 180 ರೂಪಾಯಿಯ ಪುಸ್ತಕ, 300 ಪ್ರತಿ ಪೂರ್ತಿ ಮುಖಬೆಲೆಗೇ ಹೋಯಿತು ಎಂದಿಟ್ಟುಕೊಳ್ಳಿ, ನಿಮ್ಮ ಹತ್ತು ಪರ್ಸೆಂಟ್ ಗೌರವಧನ 5,400 ರೂಪಾಯಿ. ಪ್ರಕಾಶಕರಿಗೋ ಅಂಗಡಿಯವರ ಕಮಿಷನ್ ಹೋಗಬೇಕು, ಪ್ರಿಂಟಿನ ಖರ್ಚು ಹೋಗಬೇಕು. ಅಂಚೆ ಇಲಾಖೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ಎಂಬ ಅಗ್ಗದ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತ ಮೇಲೆ ಒಂದು ಪುಸ್ತಕ ಬೀದರಿಗೆ ಕಳಿಸುವುದೂ ಲೆಕ್ಕ ಹಾಕುವ ಕೆಲಸವಾಯಿತು. ಹಾಗಾಗಿ ಎಂಟು ತಿಂಗಳು ಓದಿದರು ಎಂದು ಗೊಣಗುವ ಮೊದಲು, ಆ ಎಂಟು ತಿಂಗಳಿಗೆ ಅವರಿಗೆ ಸಂಬಳ ಕೊಟ್ಟವರು ಯಾರು ಎಂದು ಯೋಚಿಸಬಹುದು.

ಹಾಗಂತ ಅವರ ತಪ್ಪೇ ಇಲ್ಲ ಅನ್ನುತ್ತೇನಾ? ಖಂಡಿತ ಇಲ್ಲ. 'ಸಿಕ್ಕಿದೆ' ಎಂದು ಒಂದು ಸಾಲು ಬರೆಯಲು ಯಾರಿಗೂ ಆಗುವುದಿಲ್ಲ. ಕರಾರುಪತ್ರ ಕೇಳಿದರೆ "ನಮ್ಮೊಳಗೆ ಅದೆಲ್ಲ ಎಂತದ್ದು" ಎನ್ನುತ್ತಾರೆ. ನಮ್ಮೊಳಗೆ ಆದ ಕಾರಣವೇ ಬೇಕು ಮಾರಾಯ್ರೆ. ಪುಸ್ತಕದ ಎರಡನೇ ಪುಟದಲ್ಲಿ 'ಹಕ್ಕುಗಳು' ಎಂಬಲ್ಲಿ ಯಾರ ಹೆಸರು ಉಂಟು ಎಂದು ಅಚ್ಚಿಗೆ ಹೋಗುವ ಮೊದಲು ನೋಡಿ. ಬರಹದ ಹಕ್ಕು ಬರೆದವರ ಆಯುಷ್ಯವಿಡೀ ಇರುತ್ತದೆ, ಅವರು ಹೋದ ಮೇಲೆ ಮತ್ತೆ 60 ವರ್ಷ ಇರುತ್ತದೆ. ಅದನ್ನು ಗೋಳಿಬಜೆ ತಿನ್ನುತ್ತಾ ಬರೆದುಕೊಡಬಾರದು. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ನಂಬರಿಗೆ ಯಾರಾದರೂ ಬೇರೆ ದುಡ್ಡು ಕೇಳಿದರೆ ಎದ್ದು ಬನ್ನಿ. ನಮ್ಮ ದೇಶದಲ್ಲಿ ಅದು ಪುಕ್ಕಟೆ. ನಾನು ಮೊದಲ ಪುಸ್ತಕಕ್ಕೆ ಅದರ ಬಾಬ್ತು 1,500 ಕೊಟ್ಟಿದ್ದೇನೆ, ರಸೀದಿ ಇನ್ನೂ ಇದೆ. ಮತ್ತೆ, ವಯಸ್ಸು 18ರಿಂದ 35ರ ಒಳಗಿದ್ದು ಇದು ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಅರ್ಜಿ ಕರೆಯುವುದನ್ನು ಕಾದು ನೋಡಿ. ನನಗೆ ಆಗ 38 ದಾಟಿತ್ತು.

ಯಾವ ಪ್ರಕಾಶನಕ್ಕೆ ಯಾವ ಬರಹ ಎಂದು ತಿಳಿಯಲು ಮೊದಲು ಒಂದು ಜಾಗ ಇತ್ತು. ಬಲ್ಮಠ ರಸ್ತೆಯ ಅತ್ರಿ ಬುಕ್ ಸೆಂಟರಿಗೆ ಹೋಗಿ ಕಪಾಟಿನ ಮುಂದೆ ಅರ್ಧ ಗಂಟೆ ನಿಂತರೆ ಸಾಕಿತ್ತು, ಯಾರು ಎಂತದ್ದನ್ನು ತರುತ್ತಾರೆ ಎಂದು ಗೊತ್ತಾಗುತ್ತಿತ್ತು. ಅದು 2012ರಲ್ಲಿ ಮುಚ್ಚಿತು. ಈಗ ಸುಮ್ನೆ ಎಲ್ಲರಿಗೂ ಒಂದೇ ಮೆಸೇಜು ಫಾರ್ವರ್ಡ್ ಮಾಡುತ್ತೇವೆ. ಯಕ್ಷಗಾನದ ಪ್ರಸಂಗ ಮಾತ್ರ ತರುವವರಿಗೆ ಪ್ರೇಮಕವಿತೆ ಹೋಗುತ್ತದೆ. ಅವರ ಎರಡು ಪುಸ್ತಕವನ್ನಾದರೂ ದುಡ್ಡು ಕೊಟ್ಟು ಕೊಂಡು ಓದಿದ ಮೇಲೆ ಕಳಿಸಬಾರದಾ? ನಮ್ಮದನ್ನು ಅವರು ಓದಬೇಕು, ಅವರದನ್ನು ನಾವು ಓದುವುದಿಲ್ಲ, ಇದು ಯಾವ ನ್ಯಾಯ.

ನನ್ನ ಎರಡನೇ ಪುಸ್ತಕ ಎಲ್ಲಿ ಎಂದು ಕೇಳುತ್ತೀರಲ್ಲ, ಬಂದಿಲ್ಲ. ಕಟ್ಟಿನ ಮೇಲೆ ಒಂದು ಚೀಟಿ ಇತ್ತು. "ಮೂರು ಕಥೆ ಬೇಡ. ಆರರಲ್ಲಿ ಪುಸ್ತಕ ಆಗುವುದಿಲ್ಲ. ಬೇರೆ ಮೂರು ಬರೆದ ಮೇಲೆ ಬನ್ನಿ." ಅಂದರೆ ತಿರಸ್ಕಾರವೇ. ಆದರೆ ಮೊದಲ ಪುಸ್ತಕಕ್ಕೆ ಬಂದ ಹಾರ, ಶಾಲು, ಫಲಕ ಎಲ್ಲ ಸೇರಿಸಿ ಒಂದು ತಕ್ಕಡಿಯಲ್ಲಿಟ್ಟರೂ ನನಗೆ ಆ ಚೀಟಿಯೇ ಹೆಚ್ಚು. ಎರಡು ಕಥೆ ಬರೆದಾಗಿದೆ. ಮೂರನೆಯದು ಪಣಂಬೂರಿನ ಒಂದು ಲಾಂಡ್ರಿಯಲ್ಲಿ ನಡೆಯುತ್ತದೆ, ಇನ್ನೂ ಮುಗಿದಿಲ್ಲ.

ಆ ಹುಡುಗಿಗೆ ನಿನ್ನೆ ರಾತ್ರಿ ಉತ್ತರ ಬರೆದೆ. ಎಷ್ಟಾಗುತ್ತದೆ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ. ಹತ್ತರಲ್ಲಿ ನಿನಗೇ ಅನುಮಾನ ಇರುವ ಎರಡನ್ನು ಮೊದಲು ತೆಗೆದಿಡು, ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ಹಾಕಿಸು, ಬದಿಯಲ್ಲಿ ಒಂದೂವರೆ ಇಂಚು ಖಾಲಿ ಇರಲಿ ಎಂದೆ. ಯಾಕೆ ಎಂದು ಕೇಳಿದಳು. ಪೆನ್ಸಿಲಿಗೆ ಎಂದೆ.

"ಪಿಡಿಎಫ್ ಆದ್ರೆ ಆಗಲ್ವಾ ಅಕ್ಕಾ?" ಎಂದು ಬೆಳಿಗ್ಗೆ ಪುನಃ ಮೆಸೇಜು ಬಂದಿದೆ.